ಅಡ್ಡಹೆಸರು ಬರೆದುಕೊಟ್ಟವರು

"ಪಾಳಿ ಹಚ್ಚ್ರೀ, ಪಾಳಿ!"

ಅಟ್ಲಾಂಟಾದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಜೋರು ಕನ್ನಡ ಇದು. ತೊಂಬತ್ತರ ದಶಕದ ನಡುಭಾಗ. ಯುಗಾದಿಯ ದಿನ, ಊರಿನ ಉತ್ತರಕ್ಕಿದ್ದ ಒಂದು ಶಾಲೆಯ ಊಟದ ಹಾಲ್. ಒಬ್ಬಟ್ಟಿನ ಟ್ರೇ ಮೇಲಿನ ಮುಚ್ಚಳ ತೆಗೆದದ್ದೇ ತಡ, ಸಾಫ್ಟ್‌ವೇರ್ ಕನ್ನಡಿಗರೆಲ್ಲ ಸಿಟಿ ಬಸ್ಸಿಗೆ ನುಗ್ಗುವಂತೆ ನುಗ್ಗಿದ್ದರು. ನಾನು ಮೈಸೂರಿನವಳು, ಕೆಲಸದ ವೀಸಾದ ಮೇಲೆ ಒಬ್ಬಳೇ ಬಂದು ಆರು ದಿನವಾಗಿತ್ತು. ನಮ್ಮ ಕಡೆ ದೀಪ ಹಚ್ಚುತ್ತಾರೆ, ತರಕಾರಿ ಹಚ್ಚುತ್ತಾರೆ. ಪಾಳಿ ಎನ್ನುವುದು ಯಾವುದೋ ಸೊಪ್ಪಿರಬೇಕು, ಅಡುಗೆಯವರಿಗೆ ಕೈ ಸಾಲದೆ ಕೂಗುತ್ತಿದ್ದಾರೆ ಎಂದುಕೊಂಡು ತೋಳು ಮಡಿಸಿಕೊಂಡು ಒಳಕೋಣೆಯತ್ತ ಹೊರಟೆ.

"ತಂಗಿ, ಪಾಳಿ ಬಿಟ್ಟ್ ಎಲ್ಲಿ ಹೊಂಟಿ?" ಕೂಗುತ್ತಿದ್ದವರೇ ತಡೆದರು.

"ಹಚ್ಚೋಕೆ, ಅಂಕಲ್."

ವಿಷಯ ಅರ್ಥವಾದ ಮೇಲೆ ಅವರು ನಕ್ಕ ನಗುವಿಗೆ ನುಗ್ಗಾಟವೇ ಒಂದು ಕ್ಷಣ ನಿಂತುಹೋಯಿತು. ಧಾರವಾಡದ ಕಡೆ ಪಾಳಿ ಅಂದರೆ ಸಾಲು, ಸರದಿ, ಎಂದು ನನಗೆ ತಿಳಿಸಿ, ನನ್ನನ್ನು ಸಾಲಿನ ಕೊನೆಯಲ್ಲೇ ನಿಲ್ಲಿಸಿದರು. ಹೊಸಬಳು ಪಾಪ ಎಂದು ಮುಂದೆ ಬಿಡಲಿಲ್ಲ. ತಾವೂ ನನ್ನ ಹಿಂದೆ ನಿಂತರು.

ಅವರು ತೀರಿಹೋಗಿ ಒಂದು ತಿಂಗಳಾಯಿತು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇವತ್ತಿಗೂ ಅವರ ಮೇಲೆ ಸಿಟ್ಟಿರುವ ಕನ್ನಡಿಗರಿದ್ದಾರೆ, ಅದು ಒಂದು ಕಾರಣ. ಇನ್ನೊಂದು, ಹೆಸರು ಬರೆಯುವುದೆಂದರೆ ಎಷ್ಟು ಹುಷಾರಾಗಿರಬೇಕೆಂದು ನನಗೆ ಕಲಿಸಿದವರೇ ಅವರು. ಅವರ ಹೆಂಡತಿ, ನಮ್ಮ ಆಂಟಿ, ಫೋನಿನಲ್ಲಿ, "ಏನರೆ ನಾಲ್ಕು ಸಾಲು ಬರಿ ತಂಗಿ, ಅವರಿಗೆ ಛಲೋ ಅನಸತೈತಿ," ಅಂದರು. ಅವರಿಗೆ ಛಲೋ ಅನ್ನಿಸಬೇಕಾದರೆ ಕಾಗುಣಿತ ಸರಿಯಿರಬೇಕು, ಅಷ್ಟೇ.

ಅಂಕಲ್ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಸೇತುವೆಗಳ ಎಂಜಿನಿಯರ್. ಗಿಡ್ಡ ಆಸಾಮಿ, ಅಂಗಿಯ ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಕಾರಿನ ಹಿಂದಿನ ಕಿಟಕಿಯಲ್ಲಿ ಹಳದಿ ಹೆಲ್ಮೆಟ್. ಅವರ ಅಕ್ಷರವನ್ನು ನೋಡಬೇಕಿತ್ತು! ನಕಾಶೆ ಬರೆದು ಬರೆದು ಪಳಗಿದ ಕೈ, ದೊಡ್ಡಕ್ಷರಗಳೆಲ್ಲ ಒಂದೇ ಎತ್ತರ. ಫಾರ್ಮು ತುಂಬುವುದೆಂದರೆ ಅವರಿಗೆ ಹಬ್ಬ. ಹೊಸದಾಗಿ ಬಂದವರ ಬ್ಯಾಂಕಿನ ಫಾರ್ಮು, ಬಾಡಿಗೆ ಮನೆಯ ಫಾರ್ಮು, ಮಕ್ಕಳನ್ನು ಶಾಲೆಗೆ ಸೇರಿಸುವ ಫಾರ್ಮು, ಯಾವುದನ್ನೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. "ನೀವು ಹೇಳ್ರಿ, ನಾ ಬರೀತೇನಿ," ಎಂದು ಕೂತುಬಿಡುವರು.

ನನ್ನ ಡ್ರೈವಿಂಗ್ ಲೈಸೆನ್ಸಿನ ಫಾರ್ಮನ್ನೂ ಹಾಗೆಯೇ ಕಿತ್ತುಕೊಂಡರು. ಕೌಂಟರಿನ ಪಕ್ಕದ ಬೆಂಚಿನ ಮೇಲೆ ಕೂತು, ಪಾಸ್‌ಪೋರ್ಟ್ ನೋಡಿ, ಹುಬ್ಬು ಗಂಟಿಕ್ಕಿದರು. ಹೆಸರಿನ ಜಾಗದಲ್ಲಿ ನನ್ನ ಹೆಸರೂ ಅಪ್ಪನ ಹೆಸರೂ ಒಟ್ಟಿಗೆ ಕೂತಿದ್ದವು. ಸರ್‌ನೇಮ್ ಎಂಬ ಜಾಗ ಬೋಳು.

"ಏನ ಮಂದಿ ಅದೀರಿ ನೀವು ಮೈಸೂರಾವ್ರು! ಅಡ್ಡಹೆಸರ ಇಲ್ದ ದೇಶಾ ಬಿಟ್ಟು ಬಂದೀರಿ. ನಿಂದೊಂದು ಅಡ್ಡಹೆಸರ ಇರಬೇಕಲ್ಲ? ಏನದು?"

ನನಗೆ ನಾಚಿಕೆಯಾಯಿತು. ಅಮೆರಿಕದ ಸರ್ಕಾರಕ್ಕೆ ಇದೆಲ್ಲ ಯಾಕೆ ಅನ್ನಿಸಿತು. ಆದರೂ ಮೆಲ್ಲಗೆ, "ಪುಟ್ಟಿ ಅಂತಾರೆ, ಅಂಕಲ್," ಅಂದೆ.

"ಪುಟ್ಟಿ," ಎಂದು ಅವರು ಬರೆದರು. "ಎರಡು ಟಿ ಹಾಕ್ತೇನಿ, ಬರೋಬ್ಬರಿ?"

ಈಗ ಓದುವ ಮೈಸೂರಿನವರು ನಗುತ್ತಿರಬಹುದು, ಧಾರವಾಡದವರಿಗೆ ಏನೂ ತಿಳಿದಿರಲಿಕ್ಕಿಲ್ಲ. ಅವರ ಕಡೆ ಅಡ್ಡಹೆಸರೆಂದರೆ ಮನೆತನದ ಹೆಸರು, ಅಂದರೆ ಸರ್‌ನೇಮ್. ನಮ್ಮ ಕಡೆ ಅಡ್ಡಹೆಸರೆಂದರೆ ಮುದ್ದಿಗೋ ಚೇಷ್ಟೆಗೋ ಕರೆಯುವ ಹೆಸರು. ಹೀಗಾಗಿ ನನ್ನ ಅಜ್ಜಿ ಕೊಂಕುಳಲ್ಲಿ ಎತ್ತಿಕೊಂಡು ಕರೆಯುತ್ತಿದ್ದ ಹೆಸರು ಜಾರ್ಜಿಯಾ ರಾಜ್ಯದ ಕಡತದಲ್ಲಿ ನನ್ನ ಮನೆತನವಾಗಿ ದಾಖಲಾಯಿತು. ಕೌಂಟರಿನ ಹೆಂಗಸು ಪಾಸ್‌ಪೋರ್ಟಿನ ಖಾಲಿ ಜಾಗ ನೋಡಿದಳು, ಫಾರ್ಮಿನ ಚಂದದ ಅಕ್ಷರ ನೋಡಿದಳು, ಅಕ್ಷರವನ್ನೇ ನಂಬಿದಳು. ಕಾರ್ಡು ಕೈಗೆ ಬಂದಾಗ ಅಂಕಲ್ ಕಾರು ತರಲು ಹೋಗಿದ್ದರು. ನಾನು ಅದನ್ನು ಓದಿ, ಅಡ್ಡಹೆಸರನ್ನೂ ಕೇಳಿ ಅಚ್ಚುಹಾಕಿಸುವ ಇದೆಂಥ ಆತ್ಮೀಯ ದೇಶ ಎಂದು ಖುಷಿಪಟ್ಟೆ. ತಪ್ಪು ಹೊಳೆದಾಗ ತಿಂಗಳುಗಳು ಕಳೆದಿದ್ದವು. ಹೇಳಿಕೊಳ್ಳಲು ನಾಚಿಕೆಯಾಗಿ ಸುಮ್ಮನಾದೆ.

ಇಂಥ ಅಂಕಲ್‌ಗೆ ಒಂದು ಹುಚ್ಚಿತ್ತು. ಅಕ್ರಮವಾಗಿ ಬಂದವರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ತಡೆಯಲು ರಾಜ್ಯವೇ ಬಿಗಿಯಾದ ಕಾನೂನು ಮಾಡಬೇಕು, ವಾಷಿಂಗ್ಟನ್ ಮಾಡಲಿ ಎಂದು ಕಾಯಬಾರದು ಎಂಬುದು. ಅದಕ್ಕಾಗಿ ನಾಗರಿಕರ ಒಂದು ಸಣ್ಣ ಗುಂಪು ತಿಂಗಳಿಗೊಮ್ಮೆ ಲೈಬ್ರರಿಯ ಕೋಣೆಯಲ್ಲಿ ಸೇರುತ್ತಿತ್ತು. ನಿವೃತ್ತ ಸೈನಿಕರು, ಸ್ಕೂಲ್ ಬಸ್ ಓಡಿಸುತ್ತಿದ್ದ ಒಬ್ಬ ಹೆಂಗಸು, ಕೆಲಸ ಕಳೆದುಕೊಂಡಿದ್ದ ಒಬ್ಬ ಗಾರೆಯವನು. ಅಂಕಲ್ ಮೊದಲ ಸಲ ಹೋದಾಗ ಬಾಗಿಲಲ್ಲಿದ್ದವರು ಬಹಳ ಮರ್ಯಾದೆಯಿಂದ, "ಇಂಗ್ಲಿಷ್ ಕಲಿಸುವ ತರಗತಿ ಪಕ್ಕದ ಕೋಣೆಯಲ್ಲಿ," ಅಂದರಂತೆ. ಅಂಕಲ್ ಪಕ್ಕದ ಕೋಣೆಗೆ ಇಣುಕಿ, ಅಲ್ಲಿದ್ದವರಿಗೆಲ್ಲ ಗುಡ್ ಈವ್ನಿಂಗ್ ಹೇಳಿ, ವಾಪಸು ಬಂದು ಮುಂದಿನ ಸಾಲಿನಲ್ಲಿ ಕೂತರು. ನಡಾವಳಿ ಬರೆಯಲು ಯಾರೂ ಸಿದ್ಧರಿಲ್ಲದ ಕಾರಣ ಮುಂದಿನ ತಿಂಗಳೇ ಕಾರ್ಯದರ್ಶಿಯಾದರು.

ಶಾಸಕರ ಕಚೇರಿಗೆ ಫೋನು ಮಾಡುವಾಗ ಅವರ ಎದೆ ಎರಡಿಂಚು ಉಬ್ಬುತ್ತಿತ್ತು. "ಐ ಆಮ್ ಯುವರ್ ಕಾನ್‌ಸ್ಟಿಟ್ಯುಯೆಂಟ್, ಸರ್!" ನಿಮ್ಮ ಕ್ಷೇತ್ರದ ಮತದಾರ ಎಂಬರ್ಥದ ಈ ಒಂದು ಶಬ್ದವನ್ನು ಹೇಳಲಿಕ್ಕಾಗಿಯೇ ಫೋನು ಮಾಡುತ್ತಾರೆ ಎಂದು ಆಂಟಿ ಕೆಣಕುವರು. ಆ ಫೋನನ್ನು ಯಾವತ್ತೂ ಮನೆಯಿಂದಲೇ, ರಜೆ ಹಾಕಿಯೇ ಮಾಡಿದರು. ಸರ್ಕಾರಿ ಫೋನು ಮುಟ್ಟಲಿಲ್ಲ.

ಕನ್ನಡ ಸಂಘದಲ್ಲಿ ಇದು ಅನೇಕರಿಗೆ ಇರುಸುಮುರುಸು. ನಮ್ಮಲ್ಲಿ ಬಹುಪಾಲು ಜನ ವೀಸಾದ ಮೇಲಿದ್ದವರು. ಇಂಥ ಮಾತೆತ್ತಿದರೆ ನಮ್ಮ ಬುಡಕ್ಕೇ ಬಂದರೆ ಎಂಬ ಅಳುಕು. ವರ್ಜೀನಿಯಾದ ರೆಸ್ಟನ್‌ನಿಂದ ಬಂದಿದ್ದ ಸ್ನೇಹಿತರೊಬ್ಬರು ಒಮ್ಮೆ ಅವರ ಮನೆಯಲ್ಲೇ ರೇಗಿದರು. "ಅಂಕಲ್, ನಾವೇ ಹೊರಗಿನೋರು. ನಮಗ್ಯಾಕೆ ಈ ಪಾಲಿಟಿಕ್ಸು?"

"ಹೊರಗಿನಾಂವ ಯಾರೋ? ನಾ ಪಾಳಿಯೊಳಗ ನಿಂತು ಬಂದೇನಿ. ನನ್ನ ತಮ್ಮ ಗದಗಿನ್ಯಾಗ ಇನ್ನೂ ವೀಸಾದ ಪಾಳಿಯೊಳಗ ನಿಂತಾನ. ಅಂವನ ಮುಂದ ನುಗ್ಗಿದ್ರ ನಾ ಸುಮ್ಮ ಇರಬೇಕೇನು?"

ಇಷ್ಟು ಹೇಳಿ, ಅದೇ ಉಸಿರಿನಲ್ಲಿ, "ರೊಟ್ಟಿ ತಣ್ಣಗಾಗತಾವ, ತಿನ್ರಿ ಮೊದಲ," ಅಂದರು. ಆ ರೊಟ್ಟಿ ಜೋಳದ್ದಲ್ಲ. ಆಗ ಅಲ್ಲಿ ಜೋಳದ ಹಿಟ್ಟು ಸಿಗುತ್ತಿರಲಿಲ್ಲ. ಬ್ಯೂಫರ್ಡ್ ಹೆದ್ದಾರಿಯ ಮೆಕ್ಸಿಕನ್ ಅಂಗಡಿಯಿಂದ ಮೆಕ್ಕೆಜೋಳದ ಹಿಟ್ಟು ತಂದು ಆಂಟಿ ಬಡಿಯುತ್ತಿದ್ದರು. ಪ್ರತಿ ಶನಿವಾರ ಆ ಅಂಗಡಿಗೆ ಹೋಗುವವರು ಅಂಕಲ್‌ರೇ. ಸೇತುವೆ ಕೆಲಸಗಾರರಿಂದ ಕಲಿತ ಹರುಕು ಸ್ಪ್ಯಾನಿಷ್‌ನಲ್ಲಿ ಅಂಗಡಿಯವನ ಮಕ್ಕಳ ಓದು, ಅವ್ವನ ಮಂಡಿನೋವು ಎಲ್ಲ ವಿಚಾರಿಸುವರು. ಇವರನ್ನು ನಾನು ಯಾವ ಖಾನೆಯಲ್ಲಿ ಬರೆದುಕೊಳ್ಳಲಿ ಎಂದು ತಿಳಿಯದೆ ಒಂದು ಶನಿವಾರ ಕಾರಿನಲ್ಲಿ ಕೇಳಿಯೇಬಿಟ್ಟೆ.

"ಅಂಕಲ್, ಇವ್ರ ಮೇಲೆ ನಿಮಗೆ ಕೋಪಾನಾ, ಪ್ರೀತೀನಾ?"

ಆಗ ಹೇಳಿದರು. ನಾನು ಬರುವ ಹಿಂದಿನ ವರ್ಷ, ಅವರು ತಪಾಸಣೆ ಮಾಡುತ್ತಿದ್ದ ಸೇತುವೆಯ ಮೇಲಿಂದ ಒಬ್ಬ ಕೆಲಸಗಾರ ಬಿದ್ದು ಸತ್ತಿದ್ದ. ನಡುವಯಸ್ಸಿನವನು, ದಪ್ಪ ಮೀಸೆ. ಕಂತ್ರಾಟುದಾರನ ಪುಸ್ತಕದಲ್ಲಿ ಒಂದು ಹೆಸರಿತ್ತು, ಜೇಬಿನ ಕಾರ್ಡಿನಲ್ಲೂ ಅದೇ ಹೆಸರು.

"ಆ ಹೆಸರಿನಾಂವ ಟೆಕ್ಸಾಸ್‌ನ್ಯಾಗ ಅದಾನ. ಫೋನ್ ಮಾಡಿದ್ರ, 'ನಾ ಸತ್ತಿಲ್ರೀ' ಅಂದ. ಹಂಗಾರ ಸತ್ತಾಂವ ಯಾರು? ಮೂರು ತಿಂಗಳ ನನಗ ದಿನಾ 'ಗುಡ್ ಮಾರ್ನಿಂಗ್ ಬಾಸ್' ಅಂದ ಮನಷ್ಯಾ. ಅಂವನ ಹೆಣ್ತಿಗೆ ಯಾರ ಹೇಳಬೇಕು? ಯಾವ ಊರಿಗೆ ಹೇಳಬೇಕು? ಈ ಅಂಗಡ್ಯಾಗ ಎಷ್ಟ ಮಂದೀನ ಕೇಳೇನಿ. ಯಾರಿಗೂ ಗೊತ್ತಿಲ್ಲ."

"ಕಾನೂನು ಸ್ಟ್ರಿಕ್ಟ್ ಇದ್ದಿದ್ರೆ ಅವ್ರಿಗೆ ಕೆಲಸಾನೇ ಸಿಕ್ತಿರ್ಲಿಲ್ಲ, ಅಂಕಲ್."

"ಹೌದು. ಬದುಕಿರ್ತಿದ್ದ."

"ಹಸ್ಕೊಂಡು?"

ಅವರು ಕೆಂಪು ಸಿಗ್ನಲ್ಲಿಗೆ ಕಾರು ನಿಲ್ಲಿಸಿದರು. ಆಮೇಲೆ, "ಪಾಳಿ ಸಣ್ಣದ ಮಾಡ್ರಿ ಅಂತ ವಾಷಿಂಗ್ಟನ್‌ಗೂ ಪತ್ರ ಬರದೇನಿ. ಉತ್ತರ ಬಂದಿಲ್ಲ," ಅಂದರು. ನಾನು ಅವರ ಕಾನೂನನ್ನು ಒಪ್ಪಲಿಲ್ಲ, ಇವತ್ತೂ ಪೂರ್ತಿ ಒಪ್ಪುವುದಿಲ್ಲ. ಆದರೆ ಆ ದಿನದಿಂದ ಅವರೊಡನೆ ಜಗಳವಾಡುವುದು ನನಗೆ ಬಹಳ ಇಷ್ಟವಾಯಿತು.

ಆ ಚಳಿಗಾಲ ಅವರ ಗುಂಪಿನ ಪತ್ರಗಳಿಗೆ ಫಲ ಸಿಕ್ಕಿತು. ಒಬ್ಬ ಶಾಸಕ ಮಸೂದೆ ಮಂಡಿಸಲು ಒಪ್ಪಿದ! ಅಂಕಲ್ ನನ್ನ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, ಏದುಸಿರಿನಲ್ಲಿ ಹಳದಿ ಕಾಗದದ ಕಟ್ಟು ಹಿಡಿದು ನಿಂತರು. "ತಂಗಿ, ಸಮಿತಿ ಮುಂದ ನಾ ಸಾಕ್ಷಿ ಹೇಳಬೇಕು. ಮೂರು ನಿಮಿಷ. ಟೈಪ್ ಮಾಡಿ ಕೊಡು!" ಆ ಉತ್ಸಾಹ ನನಗೂ ಅಂಟಿಕೊಂಡಿತು. ನನ್ನ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಅಲ್ಪವಿರಾಮಕ್ಕೂ ಜಗಳವಾಡುತ್ತ ಟೈಪ್ ಮಾಡಿಸಿದರು.

ಮಸೂದೆಯಲ್ಲಿ ಎರಡು ಮುಖ್ಯ ಅಂಶಗಳಿದ್ದವು. ರಾಜ್ಯದ ಕಂತ್ರಾಟು ಹಿಡಿಯುವವರು ಕೆಲಸಗಾರರ ಕಾಗದಪತ್ರ ಪರೀಕ್ಷಿಸಬೇಕು, ಇದು ಮೊದಲನೆಯದು. ಎರಡನೆಯದು ಲೈಸೆನ್ಸಿನದು. ಹೊರದೇಶದವರ ಲೈಸೆನ್ಸಿನಲ್ಲಿರುವ ಹೆಸರು ಅವರ ವಲಸೆ ಕಾಗದದ ಹೆಸರಿಗೆ ಹೊಂದದಿದ್ದರೆ ಲೈಸೆನ್ಸ್ ರದ್ದು, ವಲಸೆ ಇಲಾಖೆಗೆ ವರದಿ, ಅದೂ "ಫೋರ್ತ್‌ವಿತ್".

"ಈ ಶಬ್ದಾ ನಾ ಕೊಟ್ಟಿದ್ದು!" ಅಂಕಲ್ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ತಕ್ಷಣವೇ ಎಂಬರ್ಥದ ಆ ಹಳೇ ಇಂಗ್ಲಿಷ್ ಶಬ್ದವನ್ನು ಅವರು ಧಾರವಾಡದ ಪಿ.ಡಬ್ಲ್ಯೂ.ಡಿ. ಕಚೇರಿಯ ಆದೇಶಗಳಿಂದ ಹೊತ್ತು ತಂದಿದ್ದರು. ಶಾಸಕನ ಕಚೇರಿಯವರು ಮೆಚ್ಚಿ ಸೇರಿಸಿಕೊಂಡಿದ್ದರಂತೆ.

ನನ್ನ ಬೆರಳು ಕೀಲಿಯ ಮೇಲೇ ನಿಂತುಬಿಟ್ಟಿತು. ಪರ್ಸಿನಲ್ಲಿ ಪುಟ್ಟಿ ಕೂತಿದ್ದಳು. ನನ್ನ ಗ್ರೀನ್ ಕಾರ್ಡಿನ ಅರ್ಜಿ ಆಗಷ್ಟೇ ಕಂಪನಿಯ ವಕೀಲರ ಕೈಗೆ ಹೋಗಿತ್ತು. ಲೈಸೆನ್ಸ್ ಹೋದರೆ ಕಾರಿಲ್ಲ. ಬಸ್ಸೇ ಬಾರದ ಆ ಹೊರವಲಯದಲ್ಲಿ ಕಾರಿಲ್ಲದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಅದರ ಮೇಲೆ ಸುಳ್ಳು ಹೆಸರಿನವಳು ಎಂಬ ವರದಿ. ಹೇಳಬೇಕೆಂದು ಬಾಯಿ ತೆರೆದೆ. ಅವರ ಮುಖ ನೋಡಿದೆ. ಮದುವೆ ಮನೆಯ ಯಜಮಾನನ ಮುಖ. ಹೇಳಲಾಗಲಿಲ್ಲ.

ವಿಚಾರಣೆಯ ದಿನ ಅವರನ್ನು ಕರೆದುಕೊಂಡು ಹೋದವಳು ನಾನೇ. ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು, ಕಾರು ಓಡಿಸುವಂತಿರಲಿಲ್ಲ. ಫೆಬ್ರವರಿಯ ಬಿಸಿಲು, ದೂರದಿಂದಲೇ ಕಾಣುವ ಶಾಸನಸಭೆಯ ಚಿನ್ನದ ಗುಮ್ಮಟ, ಪಕ್ಕದ ಸೀಟಿನಲ್ಲಿ ಕೆಂಪು ಟೈ ಕಟ್ಟಿದ ಅಂಕಲ್. ಹೆದ್ದಾರಿಯ ಪ್ರತಿ ಸೇತುವೆಯ ಕೆಳಗೆ ಹೋಗುವಾಗಲೂ, "ಇದು ನಂದು," "ಇದು ನಂದಲ್ಲ, ಅದಕ್ಕ ಬಿರುಕು ಬಿಟ್ಟೈತಿ," ಎನ್ನುತ್ತಿದ್ದರು. ನನಗೆ ನಗು, ಹೆದರಿಕೆ ಎರಡೂ ಒಟ್ಟಿಗೆ ಬರುತ್ತಿದ್ದವು.

ಸಮಿತಿಯ ಕೋಣೆಯ ಹೊರಗೆ ಜನ ಕಿಕ್ಕಿರಿದಿದ್ದರು. ಅಂಕಲ್ ಸುಮ್ಮನಿರುತ್ತಾರೆಯೇ? ಎಲ್ಲರನ್ನೂ ಗೋಡೆ ಪಕ್ಕಕ್ಕೆ ಪಾಳಿ ಹಚ್ಚಿಸಿದರು. ಪರವಾಗಿ ಬಂದವರು, ವಿರೋಧಿಸಲು ಬಂದವರು, ಎಲ್ಲ ಒಂದೇ ಸಾಲು. ಆಮೇಲೆ ನನ್ನ ಹತ್ತಿರ ಬಂದು, "ಯಾಕ ಮಾರಿ ಸಣ್ಣ ಮಾಡೀದಿ?" ಅಂದರು. ಇನ್ನು ತಡೆಯಲಾಗಲಿಲ್ಲ. ಲೈಸೆನ್ಸ್ ತೆಗೆದು ಕೈಗಿಟ್ಟೆ.

ಕನ್ನಡಕ ಏರಿಸಿ ಓದಿದರು. "ಪುಟ್ಟಿ? ಇದು ನಿಮ್ಮ ಮನೆತನಾ ಅಲ್ಲೇನು?"

"ಮನೆತನ ಅಲ್ಲ ಅಂಕಲ್. ಅಜ್ಜಿ ಕರೀತಿದ್ದಿದ್ದು. ನೀವು ಅಡ್ಡಹೆಸರು ಅಂತ ಕೇಳಿದ್ರಿ, ಹೇಳ್ದೆ. ನಮ್ ಕಡೆ ಅಡ್ಡಹೆಸರು ಅಂದ್ರೆ ನಿಕ್‌ನೇಮ್."

ಮೊದಲು ನಗು ಬಂತು. ಎಂಥ ನಗು! ಯುಗಾದಿಯ ದಿನದ್ದೇ ನಗು. ಕಾವಲಿನ ಪೊಲೀಸ್ ತಿರುಗಿ ನೋಡಿದ. ನಗು ಅರ್ಧದಲ್ಲೇ ನಿಂತಿತು. ಕೈಯಲ್ಲಿದ್ದ ಟೈಪ್ ಮಾಡಿದ ಹಾಳೆಯನ್ನೂ ಕಾರ್ಡನ್ನೂ ಪಕ್ಕಪಕ್ಕ ಹಿಡಿದು, ನಕಾಶೆ ತಾಳೆ ನೋಡುವವರಂತೆ ನೋಡಿದರು.

"ಹೊಂದೂದಿಲ್ಲ," ಅಂದರು ಮೆಲ್ಲಗೆ. "ಫೋರ್ತ್‌ವಿತ್ ಅಂದ್ರ ನಿನ್ನ ಮೊದಲ ಹಿಡೀತಾರ. ನಾ ಬರದ ಅಕ್ಷರಕ್ಕ."

ಅಷ್ಟರಲ್ಲಿ ಒಳಗಿನಿಂದ ಅವರ ಹೆಸರು ಕೂಗಿದರು. ಮೂರೂ ಭಾಗ, ಮೂರನ್ನೂ ತಪ್ಪಾಗಿ. ಕಾರ್ಡನ್ನು ನನ್ನ ಕೈಯಲ್ಲೇ ಮುಚ್ಚಿ, "ನೀ ಹಿಂದ ಕುಂದ್ರು. ಏನಾದ್ರೂ ಏಳಬ್ಯಾಡ," ಎಂದು ಒಳಗೆ ಹೋದರು.

ನಾನು ಕೊನೆಯ ಸಾಲಿನಲ್ಲಿ ಕೂತೆ. ಅಂಕಲ್ ಮೈಕಿನ ಮುಂದೆ ಕೂತು, ಬಿದ್ದು ಸತ್ತ ಮನುಷ್ಯನ ಕಥೆ ಹೇಳಿದರು. ಈ ಮಸೂದೆ ಪಾಸಾಗಬೇಕು, ಮನುಷ್ಯ ತನ್ನ ಹೆಸರಿನಲ್ಲೇ ದುಡಿಯಬೇಕು, ತನ್ನ ಹೆಸರಿನಲ್ಲೇ ಸಾಯಬೇಕು, ಅಂದರು. ಅವರ ಗುಂಪಿನವರು ತಲೆದೂಗಿದರು. ಆಮೇಲೆ ಹಾಳೆಯನ್ನು ಬೋರಲು ಹಾಕಿದರು.

"ಮಿಸ್ಟರ್ ಚೇರ್ಮನ್, ಈಗ ನಾನು ನನ್ನ ಮೇಲೇ ಒಂದು ವರದಿ ಕೊಡುತ್ತಿದ್ದೇನೆ. ಫೋರ್ತ್‌ವಿತ್."

ಧಾರವಾಡದ ಧಾಟಿಯ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ತನ್ನ ಕೈಯಾರೆ ಒಂದು ಸರ್ಕಾರಿ ಫಾರ್ಮಿನಲ್ಲಿ ತಪ್ಪು ಹೆಸರು ಬರೆದಿರುವುದು, ಒಂದೇ ಭಾಷೆಯ ಒಂದೇ ಶಬ್ದ ಇನ್ನೂರೈವತ್ತು ಮೈಲಿಯಲ್ಲಿ ಅರ್ಥ ಬದಲಿಸಿದ್ದು, ಪಾಳಿಯಲ್ಲಿ ನಿಂತೇ ಬಂದ ಒಬ್ಬ ಹೆಣ್ಣುಮಗಳು ಅದರಿಂದಾಗಿ ಈ ಮಸೂದೆಯ ಮೊದಲ ಅಪರಾಧಿ ಆಗಲಿರುವುದು. ತಾನು ಕೊಟ್ಟ ಶಬ್ದವನ್ನು ತಾನೇ ವಾಪಸು ತೆಗೆದುಕೊಳ್ಳುತ್ತೇನೆ, ಮೊದಲು ಕರೆಯಿರಿ, ಕೇಳಿರಿ, ತಿದ್ದಲು ಸಮಯ ಕೊಡಿರಿ, ಆಮೇಲೆ ಶಿಕ್ಷೆ, ಅಂದರು.

ಅಧ್ಯಕ್ಷ ಮುಂದೆ ಬಾಗಿದ. "ಆ ಹೆಣ್ಣುಮಗಳ ಹೆಸರೇನು, ಸರ್?"

ನನ್ನ ಮುಷ್ಟಿಯಲ್ಲಿ ಕಾರ್ಡಿನ ಅಂಚು ಚುಚ್ಚುತ್ತಿತ್ತು. ಅಂಕಲ್ ಬಹಳ ವಿನಯದಿಂದ, "ಸರ್, ಅದೇ ಅಲ್ಲವೇ ಇಲ್ಲಿಯ ತಕರಾರು?" ಅಂದರು.

ಇಡೀ ಕೋಣೆ ನಕ್ಕಿತು. ಪರವಾಗಿದ್ದವರು, ವಿರೋಧಿಸಿದವರು, ಅಧ್ಯಕ್ಷ, ಶೀಘ್ರಲಿಪಿಯಾಕೆ, ಎಲ್ಲರೂ. ಅವನು ಮತ್ತೆ ಕೇಳಲಿಲ್ಲ. ಮೂರು ನಿಮಿಷ ಮುಗಿದಿತ್ತು. ನಾನು ನಗುತ್ತಲೇ ಅಳುತ್ತಿದ್ದೆ, ಕರವಸ್ತ್ರ ಕಾರಿನಲ್ಲಿ ಉಳಿದಿತ್ತು.

ಮಸೂದೆ ಆ ವರ್ಷ ಸಮಿತಿಯಿಂದಾಚೆ ಬರಲಿಲ್ಲ. ಗುಂಪಿನ ಕೆಲವರು ಅಂಕಲ್ ಮೇಲೆ ಹಾರಾಡಿದರು, ಕಾರ್ಯದರ್ಶಿಗಿರಿ ಹೋಯಿತು. ಇತ್ತ ಕನ್ನಡ ಸಂಘದಲ್ಲಿ, ಕೊನೆಗೂ ಬುದ್ಧಿ ಬಂತು ಅಂದವರಿಗೆ, "ಬುದ್ಧಿ ಮೊದಲೂ ಇತ್ತು. ಮುಂದಿನ ವರ್ಷ ಮತ್ತ ಹೋಗಾಂವ ಅದೇನಿ," ಎಂದು ಉತ್ತರ ಕೊಟ್ಟರು. ಹೋದರು ಕೂಡ, ಹಿಂದಿನ ಸಾಲಿನಲ್ಲಿ ಕೂತು. ಎರಡೂ ಕಡೆಯವರಿಂದ ಬೈಸಿಕೊಂಡು ಅಷ್ಟು ಗೆಲುವಾಗಿದ್ದ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

ವಿಚಾರಣೆಯ ನಂತರದ ಸೋಮವಾರ ನಾವಿಬ್ಬರೂ ಲೈಸೆನ್ಸ್ ಕಚೇರಿಯ ಪಾಳಿಯಲ್ಲಿ ನಿಂತೆವು. ಹೊಸ ಫಾರ್ಮು ಕೊಟ್ಟರು. ಅಂಕಲ್ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಾ ಮುಟ್ಟೂದಿಲ್ಲ. ನೀನ ಬರಿ." ಕೊನೆಯ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬರೆದೆ. ಬರೆಯುವಾಗ ಅವರ ಬೆರಳುಗಳು ಹಿಂದೆ ಚಡಪಡಿಸುವುದು ಗಾಜಿನಲ್ಲಿ ಕಾಣುತ್ತಿತ್ತು. ಅವತ್ತಿನಿಂದ ಅವರು ನನ್ನನ್ನು ಮಿಸ್ ಪುಟ್ಟಿ ಎಂದೇ ಕರೆದರು. ಬೇರೆಯವರಿಗೆ ಫಾರ್ಮು ತುಂಬಿಕೊಡುವಾಗ ಅಡ್ಡಹೆಸರು ಎಂಬ ಶಬ್ದವನ್ನು ಮಾತ್ರ ಮತ್ತೆಂದೂ ಬಳಸಲಿಲ್ಲ.

ನನ್ನ ಪಾಳಿ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಪೌರತ್ವದ ಅರ್ಜಿಯಲ್ಲಿ ಒಂದು ಪ್ರಶ್ನೆಯಿದೆ, ಹೆಸರು ಬದಲಿಸಿಕೊಳ್ಳಲು ಇಷ್ಟವಿದೆಯೇ ಎಂದು. ಅದನ್ನು ಯಾರಿಗೂ ಹೇಳದೆ ತುಂಬಿದೆ. ಪ್ರಮಾಣವಚನದ ದಿನ ಅಂಕಲ್ ಅದೇ ಕೆಂಪು ಟೈ ಕಟ್ಟಿಕೊಂಡು, ಆಂಟಿಯ ತೋಳು ಹಿಡಿದು ಬಂದಿದ್ದರು. ಪ್ರಮಾಣ ಮುಗಿದು ಕೈಗೆ ಬಂದ ಪತ್ರವನ್ನು ಮೊದಲು ಅವರಿಗೇ ಕೊಟ್ಟೆ, ಜೊತೆಗೆ ನಾನು ಜೋಪಾನ ಮಾಡಿಟ್ಟಿದ್ದ ಹಳೆಯ, ರದ್ದಾದ ಲೈಸೆನ್ಸನ್ನೂ. ಎರಡನ್ನೂ ಪಕ್ಕಪಕ್ಕ ಹಿಡಿದು, ಕನ್ನಡಕ ಏರಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದರು. ಕೊನೆಯ ಹೆಸರಿಗೆ ಬಂದಾಗ ಬೆರಳು ನಿಂತಿತು. ಎರಡು ಟಿ ಇವೆಯೇ ಎಂದು ಎಣಿಸಿದರು.

"ಈಗ ಹೊಂದ್ತು ನೋಡು," ಅಂದರು.